ದೂರದರ್ಶಕ ನಮ್ಮದು, ಅದರ ಕಣ್ಣು ಯಾರದು? ಭಾರತಕ್ಕೆ ಬೇಕಿರುವ ಒಂದು ಪುಟ್ಟ ಕಾರ್ಖಾನೆ

2025ರ ಸೆಪ್ಟೆಂಬರ್ 28ಕ್ಕೆ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ ಕಕ್ಷೆಯಲ್ಲಿ ಹತ್ತು ವರ್ಷ ಪೂರೈಸಿತು. ಐದು ವರ್ಷ ಬಾಳಿದರೆ ಸಾಕು ಎಂಬ ಲೆಕ್ಕದಲ್ಲಿ ಶ್ರೀಹರಿಕೋಟಾದಿಂದ ಹಾರಿಸಿದ್ದ ಈ ಖಗೋಳ ವೀಕ್ಷಣಾಲಯ ಅದರ ಎರಡು ಪಟ್ಟು ಕಾಲ ದುಡಿದದ್ದು ಸಣ್ಣ ಸಾಧನೆಯಲ್ಲ. ಅದಕ್ಕೆ ಸುಮಾರು ಒಂದು ತಿಂಗಳ ಮೊದಲು, ಆಗಸ್ಟ್ 26ರಂದು, ದಕ್ಷಿಣ ಚೀನಾದ ಜಿಯಾಂಗ್‌ಮೆನ್ ಬಳಿ ನೆಲದಡಿ 700 ಮೀಟರ್ ಆಳದಲ್ಲಿ ಜುನೊ ಎಂಬ ಬೃಹತ್ ನ್ಯೂಟ್ರಿನೊ ಪ್ರಯೋಗ ಕೆಲಸ ಶುರು ಮಾಡಿತು.

ಒಂದು ಆಕಾಶದಲ್ಲಿ, ಇನ್ನೊಂದು ಪಾತಾಳದಲ್ಲಿ. ಮೇಲ್ನೋಟಕ್ಕೆ ಎರಡಕ್ಕೂ ಸಂಬಂಧವಿಲ್ಲ. ಆದರೆ ಎರಡರ ಕಣ್ಣಿನಲ್ಲೂ ಇರುವುದು ಒಂದೇ ತಂತ್ರಜ್ಞಾನ: ಬೆಳಕು ಬಿದ್ದರೆ ಎಲೆಕ್ಟ್ರಾನ್ ಉಗುಳುವ ತೆಳ್ಳನೆಯ ಲೇಪ, ಆ ಎಲೆಕ್ಟ್ರಾನನ್ನು ಲಕ್ಷಗಟ್ಟಲೆ ಮಾಡಿಕೊಡುವ ರಂಧ್ರಗಳ ಗಾಜಿನ ತಟ್ಟೆ, ಇವೆರಡನ್ನೂ ನಿರ್ವಾತದಲ್ಲಿ ಕಾಪಾಡುವ ಮುಚ್ಚಿದ ಕೋಶ. ವ್ಯತ್ಯಾಸ ಇಷ್ಟೇ. ಚೀನಾ ತನಗೆ ಬೇಕಾದ ಕಣ್ಣುಗಳಲ್ಲಿ ಬಹುಪಾಲನ್ನು ತಾನೇ ಮಾಡಿಕೊಂಡಿತು. ನಮ್ಮ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕಕ್ಕೆ ಕಣ್ಣು ಬಂದದ್ದು ಇಂಗ್ಲೆಂಡಿನಿಂದ, ಕೆನಡಾದ ಮೂಲಕ.

ಇದು ಸ್ವದೇಶಿ ಹೆಮ್ಮೆಯ ಪ್ರಶ್ನೆ ಮಾತ್ರ ಅಲ್ಲ. ಹಿಮಾಲಯದ ಗಡಿಯಲ್ಲಿ ರಾತ್ರಿ ಕಾವಲು ಕಾಯುವ ಯೋಧನ ಕನ್ನಡಕದಲ್ಲಿರುವುದೂ ಇದೇ ಟ್ಯೂಬ್. ಹಾಗಾಗಿ ಇದನ್ನು ಮಾಡುವ ಜಾಗ ಎಲ್ಲಿದೆ, ಮಾಡಲು ಬಲ್ಲವರು ಯಾರು, ಆ ವಿದ್ಯೆ ಯಾರ ಕೈಯಲ್ಲಿದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಒಂದೇ ಒಂದು ಫೋಟಾನ್ ಹಿಡಿಯುವುದು ಹೇಗೆ?

ನಮ್ಮ ಮೊಬೈಲ್ ಕ್ಯಾಮೆರಾದಲ್ಲಿ ಸಿಲಿಕಾನ್ ಚಿಪ್ ಇದೆ. ಅದು ಅಗ್ಗ, ಗಟ್ಟಿ, ಕೋಟಿಗಟ್ಟಲೆ ತಯಾರಾಗುತ್ತದೆ. ಹಾಗಿದ್ದರೆ ಗಾಜು, ನಿರ್ವಾತ ಎಂದೆಲ್ಲ ಈ ಹಳೇ ಕಾಲದ ರೇಡಿಯೋ ವಾಲ್ವ್‌ನಂಥ ವ್ಯವಸ್ಥೆ ಏಕೆ ಬೇಕು?

ಉತ್ತರ ಬೆಳಕಿನ ಪ್ರಮಾಣದಲ್ಲಿದೆ. ದೂರದ ಗ್ಯಾಲಕ್ಸಿಯೊಂದರಿಂದ ಬರುವ ಅತಿನೇರಳೆ ಕಿರಣ ಧಾರೆಯಾಗಿ ಸುರಿಯುವುದಿಲ್ಲ, ಒಂದೊಂದೇ ಫೋಟಾನ್ ಆಗಿ ತೊಟ್ಟಿಕ್ಕುತ್ತದೆ. ಆ ಒಂದು ಹನಿಯನ್ನು ಎಣಿಸಬೇಕು, ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂದು ಬರೆದಿಡಬೇಕು. ಅದೇ ಹೊತ್ತಿನಲ್ಲಿ ಅದರ ಜೊತೆಗೆ ಬರುವ ಅಪಾರ ಸಾಮಾನ್ಯ ಬೆಳಕಿಗೆ ಕುರುಡಾಗಿಯೂ ಇರಬೇಕು.

ಈ ಕೆಲಸವನ್ನು ಮೊದಲು ಮಾಡುವುದು ಫೋಟೊಕ್ಯಾಥೋಡ್. ಇದು ಕಿಟಕಿ ಗಾಜಿನ ಒಳಮೈಗೆ ಹಚ್ಚಿದ ಲೇಪ. ಫೋಟಾನ್ ಬಿದ್ದಾಗ ಒಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಯಾವ ಬಣ್ಣದ ಬೆಳಕು ಬೇಕೋ ಅದಕ್ಕೆ ತಕ್ಕ ಲೇಪ. ಸೀಸಿಯಂ ಅಯೋಡೈಡ್ ಹಚ್ಚಿದರೆ ಅದು ದೂರದ ಅತಿನೇರಳೆ ಕಿರಣವನ್ನು ಮಾತ್ರ ಕಾಣುತ್ತದೆ, ನಾವು ಕಾಣುವ ಬೆಳಕನ್ನು ಗಮನಿಸುವುದೇ ಇಲ್ಲ. ಸೀಸಿಯಂ ಟೆಲ್ಯುರೈಡ್ ಸಮೀಪದ ಅತಿನೇರಳೆಗೆ. ಆಂಟಿಮನಿಯ ಜೊತೆ ಸೋಡಿಯಂ, ಪೊಟ್ಯಾಸಿಯಂ, ಸೀಸಿಯಂ ಸೇರಿದ ಎಸ್-20 ಎಂಬ ಲೇಪ ಸಾಮಾನ್ಯ ಬೆಳಕಿಗೆ.

ಎರಡನೆಯದು ಮೈಕ್ರೋಚಾನೆಲ್ ಪ್ಲೇಟ್. ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪದ ಗಾಜಿನ ತಟ್ಟೆ. ಅದರ ತುಂಬ ಆಚೆಯಿಂದ ಈಚೆಗೆ ಕೊರೆದಂತಿರುವ ಸೂಕ್ಷ್ಮ ರಂಧ್ರಗಳು. 40 ಮಿಲಿಮೀಟರ್ ಅಗಲದ ತಟ್ಟೆಯಲ್ಲಿ ರಂಧ್ರದಿಂದ ರಂಧ್ರಕ್ಕೆ 12 ಮೈಕ್ರಾನ್ ಅಂತರವಿದೆ ಎಂದುಕೊಂಡರೆ ಒಟ್ಟು ಸುಮಾರು ಒಂದು ಕೋಟಿ ರಂಧ್ರಗಳಾಗುತ್ತವೆ. ತಟ್ಟೆಯ ಎರಡು ಬದಿಗೆ ಸಾವಿರ ವೋಲ್ಟ್‌ನಷ್ಟು ವಿದ್ಯುತ್ ಕೊಟ್ಟಾಗ, ರಂಧ್ರದೊಳಗೆ ಹೊಕ್ಕ ಎಲೆಕ್ಟ್ರಾನ್ ಗೋಡೆಗೆ ಬಡಿದು ಎರಡು ಮೂರನ್ನು ಎಬ್ಬಿಸುತ್ತದೆ, ಅವು ಮತ್ತಷ್ಟನ್ನು. ಒಂದು ತಟ್ಟೆ ದಾಟುವಷ್ಟರಲ್ಲಿ ಒಂದು ಸಾವಿರಾರು ಆಗಿರುತ್ತದೆ. ಎರಡು ಅಥವಾ ಮೂರು ತಟ್ಟೆ ಜೋಡಿಸಿದರೆ ಹತ್ತು ಲಕ್ಷ, ಅದಕ್ಕೂ ಹೆಚ್ಚು. ರಂಧ್ರಗಳು ಬೇರೆ ಬೇರೆ ಇರುವುದರಿಂದ ಫೋಟಾನ್ ಬಿದ್ದ ಜಾಗದ ಗುರುತು ಹಾಗೇ ಉಳಿಯುತ್ತದೆ. ಅಂದರೆ ಚಿತ್ರ ಸಿಗುತ್ತದೆ.

ಮೂರನೆಯದು ಮುಚ್ಚಳ. ಇವೆಲ್ಲ ಗಾಳಿ ಸೋಕದ ಕೋಶದಲ್ಲಿ ವರ್ಷಗಟ್ಟಲೆ ಇರಬೇಕು. ಕಷ್ಟ ಶುರುವಾಗುವುದೇ ಇಲ್ಲಿಂದ.

ಹದ ಬಲ್ಲ ಕೈಗಳು

ಮೈಸೂರು ಪಾಕ್ ಮಾಡುವವರಿಗೆ ಗೊತ್ತು. ಸಕ್ಕರೆ, ಕಡಲೆಹಿಟ್ಟು, ತುಪ್ಪದ ಅಳತೆಯನ್ನು ಯಾರು ಬೇಕಾದರೂ ಬರೆದುಕೊಡಬಹುದು. ಆದರೆ ಪಾಕ ಎಳೆ ಬರುವ ಆ ಗಳಿಗೆ ತಿಳಿಯುವುದು ಬಾಣಲೆಯ ಮುಂದೆ ನಿಂತವರಿಗೆ ಮಾತ್ರ. ಒಂದು ನಿಮಿಷ ಹೆಚ್ಚಾದರೆ ಕಲ್ಲು, ಕಡಿಮೆಯಾದರೆ ಹಲ್ವ. ಫೋಟೊಕ್ಯಾಥೋಡ್ ಕಥೆಯೂ ಹೆಚ್ಚುಕಡಿಮೆ ಹೀಗೇ.

ನಿರ್ವಾತ ಕೋಣೆಯಲ್ಲಿ ಗಾಜಿನ ಮೇಲೆ ಮೊದಲು ಆಂಟಿಮನಿಯ ತೆಳು ಪದರ ಕೂರಿಸುತ್ತಾರೆ. ನಂತರ ಪೊಟ್ಯಾಸಿಯಂ, ಸೋಡಿಯಂ, ಸೀಸಿಯಂ ಆವಿಗಳನ್ನು ಒಂದಾದ ಮೇಲೊಂದರಂತೆ ಹರಿಸುತ್ತಾರೆ. ಹೊರಗಿನಿಂದ ದೀಪ ಬಿಟ್ಟು, ಲೇಪದಿಂದ ಹೊರಡುವ ಸಣ್ಣ ವಿದ್ಯುತ್ ಪ್ರವಾಹವನ್ನು ಮೀಟರ್‌ನಲ್ಲಿ ನೋಡುತ್ತಲೇ ಇರುತ್ತಾರೆ. ಪ್ರವಾಹ ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಇಳಿಯಲು ತೊಡಗುತ್ತದೆ. ಯಾವಾಗ ನಿಲ್ಲಿಸಬೇಕು, ಯಾವ ಉಷ್ಣತೆಯಲ್ಲಿ ಮತ್ತೆ ಶುರು ಮಾಡಬೇಕು ಎಂಬುದೇ ವಿದ್ಯೆ. ಹೀಗೆ ಬೆಳೆಸಿದ ಪದರದ ದಪ್ಪ ಕೂದಲಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಚೆನ್ನಾಗಿ ಬಂದ ಲೇಪ ನೂರು ಫೋಟಾನ್‌ಗೆ 25ರಿಂದ 30 ಎಲೆಕ್ಟ್ರಾನ್ ಕೊಡುತ್ತದೆ. ಹದ ತಪ್ಪಿದರೆ ಅದರ ಅರ್ಧವೂ ಬರುವುದಿಲ್ಲ.

ಸೀಸಿಯಂಗೆ ನೀರಿನ ಪಸೆಯೂ ಆಗದು, ಆಮ್ಲಜನಕವೂ ಆಗದು. ಎಸ್-20 ಲೇಪ ಗಾಳಿ ಕಂಡ ಕ್ಷಣವೇ ಸತ್ತಂತೆ. ಸಾಮಾನ್ಯ ನಿರ್ವಾತವೂ ಸಾಲದು. ಒತ್ತಡ ಒಂದು ಟಾರ್‌ನ ಹತ್ತು ಲಕ್ಷದ ಒಂದು ಪಾಲಿಗೆ ಇಳಿದರೂ, ಉಳಿದ ಅನಿಲದ ಕಣಗಳು ಒಂದೆರಡು ಸೆಕೆಂಡಿನಲ್ಲೇ ಮೇಲ್ಮೈಯನ್ನು ಪೂರ್ತಿ ಆವರಿಸಬಲ್ಲವು. ಅದಕ್ಕಿಂತ ಸಾವಿರ ಪಟ್ಟು, ಹತ್ತು ಸಾವಿರ ಪಟ್ಟು ಕಡಿಮೆ ಒತ್ತಡ ಬೇಕು. ಅದಕ್ಕಾಗಿ ಇಡೀ ಉಕ್ಕಿನ ಕೋಣೆಯನ್ನು ನೂರಾರು ಡಿಗ್ರಿಗೆ ದಿನಗಟ್ಟಲೆ ಬೇಯಿಸಿ ಗೋಡೆಯಲ್ಲಿ ಅಡಗಿರುವ ಅನಿಲ ತೆಗೆಯಬೇಕು.

ಮೈಕ್ರೋಚಾನೆಲ್ ಪ್ಲೇಟ್‌ನದ್ದು ಇನ್ನೊಂದು ಕಥೆ. ಸೀಸ ಬೆರೆತ ಗಾಜಿನ ಕೊಳವೆಯೊಳಗೆ ಬೇರೆ ಬಗೆಯ ಗಾಜಿನ ಸರಳು ತೂರಿಸಿ, ಕಾಯಿಸಿ, ನೂಲಿನಂತೆ ಎಳೆಯುತ್ತಾರೆ. ಆ ಎಳೆಗಳನ್ನು ಕಟ್ಟು ಕಟ್ಟಿ ಮತ್ತೆ ಎಳೆಯುತ್ತಾರೆ. ಕಟ್ಟುಗಳನ್ನು ಬೆಸೆದ ದಿಮ್ಮಿಯನ್ನು ಸೌತೆಕಾಯಿ ಹೋಳಿನಂತೆ ತೆಳ್ಳಗೆ ಕತ್ತರಿಸಿ, ಒಳಗಿನ ಸರಳಿನ ಗಾಜನ್ನು ಆಮ್ಲದಲ್ಲಿ ಕರಗಿಸಿದರೆ ರಂಧ್ರಗಳು ಉಳಿಯುತ್ತವೆ. ಹೈಡ್ರೋಜನ್‌ನಲ್ಲಿ ಕಾಯಿಸಿದಾಗ ರಂಧ್ರದ ಗೋಡೆಗೆ ಅಲ್ಪ ವಿದ್ಯುತ್ ಹರಿಸುವ ಗುಣ ಬರುತ್ತದೆ. ಆದರೆ ಒಂದು ಕೋಟಿ ರಂಧ್ರಗಳ ಒಳಮೈಯಲ್ಲಿ ಎಷ್ಟು ಅನಿಲ ಅಡಗಿರಬಹುದು ಯೋಚಿಸಿ! ಅದನ್ನೂ ಮೊದಲು ಬೇಯಿಸಿ, ನಂತರ ಎಲೆಕ್ಟ್ರಾನ್‌ಗಳನ್ನೇ ಹರಿಸಿ ತೊಳೆಯಬೇಕು. ತೊಳೆಯದೆ ಮುಚ್ಚಿದರೆ ಆ ಅನಿಲ ಒಳಗೇ ಬಿಡುಗಡೆಯಾಗಿ ಪಕ್ಕದಲ್ಲಿರುವ ಲೇಪವನ್ನು ತಿಂದುಹಾಕುತ್ತದೆ.

ಕೊನೆಯ ಹೆಜ್ಜೆ ಬೆಸುಗೆ. ಲೇಪವನ್ನು ಒಂದು ಕೋಣೆಯಲ್ಲಿ ಬೆಳೆಸಿ, ತಟ್ಟೆಗಳಿರುವ ಕೋಶವನ್ನು ಇನ್ನೊಂದರಲ್ಲಿ ಸಿದ್ಧಮಾಡಿ, ನಿರ್ವಾತ ಕೆಡದಂತೆ ಎರಡನ್ನೂ ಹತ್ತಿರ ತಂದು ಇಂಡಿಯಂ ಎಂಬ ಮೆದು ಲೋಹದಿಂದ ಮುಚ್ಚುತ್ತಾರೆ. ಇಂಡಿಯಂ ಕರಗುವುದು 157 ಡಿಗ್ರಿಯ ಹತ್ತಿರ, ಹಾಗಾಗಿ ಬೆಸುಗೆಯ ಬಿಸಿಗೆ ಲೇಪ ಕೆಡುವುದಿಲ್ಲ. ಎಲ್ಲೋ ಕೂದಲೆಳೆಯಷ್ಟು ಬಿರುಕು ಉಳಿದರೂ ವಾರಗಟ್ಟಲೆ ಮಾಡಿದ ಕೆಲಸ ನೀರಿನಲ್ಲಿ ಹೋಮ. ಮುಚ್ಚಿದ ಮೇಲೆ ತೆರೆದು ದುರಸ್ತಿ ಮಾಡುವಂತಿಲ್ಲ.

ಈ ಕಾರಣಕ್ಕೇ ಜಗತ್ತಿನಲ್ಲಿ ಇದನ್ನು ಬಲ್ಲ ಜಾಗಗಳು ಬೆರಳೆಣಿಕೆಯಷ್ಟು. ಜಪಾನಿನ ಹಮಾಮತ್ಸು, ಇಂಗ್ಲೆಂಡಿನ ಫೋಟೆಕ್, ಫ್ರಾನ್ಸ್‌ನ ಫೋಟೋನಿಸ್ ಕಂಪನಿಗಳು ಇದರಲ್ಲಿ ಹೆಸರುವಾಸಿ. ಅಮೆರಿಕದ ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಾಹ್ಯಾಕಾಶ ವಿಜ್ಞಾನ ಪ್ರಯೋಗಾಲಯ ಬೇರೆ ದಾರಿ ಹಿಡಿಯಿತು. ಲೇಪ ಬೆಳೆಸುವುದರಿಂದ ಹಿಡಿದು ಕೋಶ ಮುಚ್ಚುವವರೆಗೆ ಎಲ್ಲವನ್ನೂ ವಿಶ್ವವಿದ್ಯಾಲಯದ ಒಳಗೇ ಕಲಿಯಿತು. 2003ರಲ್ಲಿ ಹಾರಿದ ನಾಸಾದ ಗ್ಯಾಲೆಕ್ಸ್ ದೂರದರ್ಶಕದ ಮುಚ್ಚಿದ ಡಿಟೆಕ್ಟರ್‌ಗಳು ಅಲ್ಲಿಯವೇ.

ಹೊಸಕೋಟೆಯಲ್ಲಿ ಜೋಡಣೆ, ಇಂಗ್ಲೆಂಡಿನ ಟ್ಯೂಬ್

ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕದ ಹೆಸರು ಯುವಿಟ್. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಇದರ ಮುಂದಾಳು. ಪುಣೆಯ ಅಯುಕಾ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಇಸ್ರೋ ಮತ್ತು ಕೆನಡಾದ ಬಾಹ್ಯಾಕಾಶ ಸಂಸ್ಥೆ ಜೊತೆಗಾರರು. 375 ಮಿಲಿಮೀಟರ್ ಕನ್ನಡಿಯ ಎರಡು ದೂರದರ್ಶಕಗಳನ್ನು ಹೊಸಕೋಟೆಯಲ್ಲಿರುವ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದ ಶುದ್ಧ ಕೋಣೆಯಲ್ಲಿ ಜೋಡಿಸಲಾಯಿತು. ಧೂಳು, ಎಣ್ಣೆಯ ಆವಿ ತಾಗಿದರೆ ಅತಿನೇರಳೆ ಕನ್ನಡಿ ಮಂಕಾಗುತ್ತದೆ. ಆದ್ದರಿಂದ ಉಡಾವಣೆಯ ನಂತರವೂ ಸುಮಾರು ಎರಡು ತಿಂಗಳು ಬಾಗಿಲು ತೆರೆಯದೆ ಕಾದರು. ಅಷ್ಟು ಎಚ್ಚರಿಕೆಯ ಕೆಲಸ ಅದು.

ಕಣ್ಣುಗಳು ಮಾತ್ರ ಬೇರೆ ಕಡೆಯಿಂದ ಬಂದವು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೇಂಟ್ ಲೆನಾರ್ಡ್ಸ್ ಊರಿನ ಫೋಟೆಕ್ ಕಂಪನಿ 40 ಮಿಲಿಮೀಟರ್ ಟ್ಯೂಬ್‌ಗಳನ್ನು ಮಾಡಿಕೊಟ್ಟಿತು. ಕೆನಡಾ ಅವನ್ನು ಕ್ಯಾಮೆರಾ ಆಗಿಸಿ, ಪರೀಕ್ಷಿಸಿ ಕಳಿಸಿತು. ಮೂರು ಟ್ಯೂಬ್, ಮೂರು ಲೇಪ: ಸೀಸಿಯಂ ಅಯೋಡೈಡ್, ಸೀಸಿಯಂ ಟೆಲ್ಯುರೈಡ್, ಎಸ್-20.

ಆ ಕಣ್ಣು ಎಷ್ಟು ಒಳ್ಳೆಯದಿತ್ತು ಎಂಬುದಕ್ಕೆ 2020ರ ಒಂದು ಸುದ್ದಿ ಸಾಕ್ಷಿ. ಪುಣೆಯ ಅಯುಕಾದ ಕನಕ್ ಸಾಹಾ ನೇತೃತ್ವದ ತಂಡ 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯಿಂದ ಬಂದ ತೀವ್ರ ಅತಿನೇರಳೆ ಕಿರಣವನ್ನು ಯುವಿಟ್‌ನಲ್ಲಿ ಪತ್ತೆ ಮಾಡಿತು. ಅದಕ್ಕಾಗಿ 2016ರ ಅಕ್ಟೋಬರ್‌ನಲ್ಲಿ 28 ಗಂಟೆಗೂ ಹೆಚ್ಚು ಕಾಲ ಆಕಾಶದ ಒಂದೇ ಮೂಲೆಯನ್ನು ದಿಟ್ಟಿಸಲಾಗಿತ್ತು. ಯುವಿಟ್‌ಗಿಂತ ಎಷ್ಟೋ ದೊಡ್ಡ ಕನ್ನಡಿಯ ಹಬಲ್ ಅದನ್ನು ಕಾಣಲಿಲ್ಲ. ಕಾರಣ ಏನು ಎಂದರೆ ಯುವಿಟ್ ಡಿಟೆಕ್ಟರ್‌ನ ಗದ್ದಲ ಬಹಳ ಕಡಿಮೆ ಎಂದು ತಂಡ ವಿವರಿಸಿತು. ಬೆಳಕಿಲ್ಲದಾಗ ಸುಮ್ಮನಿರುವ ಗುಣ ಅದು. ಅಂದರೆ ಗೆದ್ದದ್ದು ಕನ್ನಡಿಯ ಗಾತ್ರವಲ್ಲ, ಟ್ಯೂಬ್‌ನ ಗುಣ.

ಆದರೆ 2018ರಲ್ಲಿ ಯುವಿಟ್‌ನ ಮೂರು ಕಣ್ಣುಗಳಲ್ಲಿ ಒಂದು, ಸಮೀಪದ ಅತಿನೇರಳೆಯದ್ದು, ಕೆಲಸ ನಿಲ್ಲಿಸಿತು. ಬಾಹ್ಯಾಕಾಶದಲ್ಲಿ ಹೀಗಾಗುವುದು ಹೊಸತಲ್ಲ, ಗ್ಯಾಲೆಕ್ಸ್‌ನ ಒಂದು ಡಿಟೆಕ್ಟರ್ ಕೂಡ 2009ರಲ್ಲಿ ಕೈಕೊಟ್ಟಿತ್ತು. ಇಲ್ಲಿ ಯಾರನ್ನೂ ದೂರುವ ಮಾತಿಲ್ಲ. ಆದರೆ ಒಂದು ಸಾಧನ ಕೆಟ್ಟಾಗ ಅದನ್ನು ಮಾಡಿದವರಿಗೆ ಪಾಠ ಸಿಗುತ್ತದೆ, ಮುಂದಿನ ಸಲ ಯಾವ ಹೆಜ್ಜೆ ಬದಲಿಸಬೇಕು ಎಂಬ ಸುಳಿವು ಸಿಗುತ್ತದೆ. ಕೊಂಡವರಿಗೆ ಸಿಗುವುದು ನಷ್ಟ ಮಾತ್ರ.

ಅದೇ ಆಸ್ಟ್ರೋಸ್ಯಾಟ್‌ನಲ್ಲಿರುವ ದೊಡ್ಡ ಎಕ್ಸ್-ರೇ ಡಿಟೆಕ್ಟರ್‌ಗಳನ್ನು ಮುಂಬೈನ ಟಾಟಾ ಸಂಸ್ಥೆಯಲ್ಲೇ ರೂಪಿಸಿ ಕಟ್ಟಲಾಯಿತು ಎಂಬುದನ್ನೂ ನೆನಪಿಡಬೇಕು. ಎಕ್ಸ್-ರೇ ಎಣಿಸುವ ವಿದ್ಯೆಯನ್ನು ಅಲ್ಲಿ ದಶಕಗಳಿಂದ ಕಲಿಸಿ ಬೆಳೆಸಿದ್ದರು. ಹಾಗಾಗಿ ನಮ್ಮವರಿಗೆ ಬಾರದು ಎನ್ನುವ ಮಾತು ನಿಲ್ಲುವುದಿಲ್ಲ. ಕಲಿಯಲು ಜಾಗ ಇದ್ದ ಕಡೆ ಬಂದಿದೆ.

ಚೀನಾ ಹಿಡಿದ ದಾರಿ

ಈಗ ಜಿಯಾಂಗ್‌ಮೆನ್‌ಗೆ ಬರೋಣ. ಜುನೊ ಪ್ರಯೋಗದಲ್ಲಿ 20,000 ಟನ್ ವಿಶೇಷ ದ್ರವವಿದೆ. ನ್ಯೂಟ್ರಿನೊ ಡಿಕ್ಕಿ ಹೊಡೆದಾಗ ಅದರಲ್ಲಿ ಏಳುವ ಮಿಣುಕನ್ನು ಹಿಡಿಯಲು ಸುತ್ತಲೂ ಸುಮಾರು 20,000 ದೊಡ್ಡ ಗಾಜಿನ ಬುರುಡೆಗಳು, ಒಂದೊಂದೂ 20 ಇಂಚು ಅಗಲ. ಇಷ್ಟು ದೊಡ್ಡ ಬುರುಡೆಗೆ ಜಗತ್ತೆಲ್ಲ ಹಮಾಮತ್ಸುವಿನ ಬಾಗಿಲು ತಟ್ಟುತ್ತಿತ್ತು. ಜಪಾನಿನ ಸೂಪರ್ ಕಾಮಿಯೊಕಾಂಡೆಯಲ್ಲಿ ಇರುವವೂ ಅವೇ.

ಬೀಜಿಂಗ್‌ನ ಹೈ ಎನರ್ಜಿ ಫಿಸಿಕ್ಸ್ ಸಂಸ್ಥೆಯ ವಿಜ್ಞಾನಿಗಳು 2000ರ ದಶಕದ ಕೊನೆಯಲ್ಲೇ ಬೇರೆ ಯೋಚನೆ ಮಾಡಿದರು. ಬುರುಡೆಯೊಳಗೆ ಹಳೆಯ ಲೋಹದ ಪಟ್ಟಿಗಳ ಬದಲು ಮೈಕ್ರೋಚಾನೆಲ್ ಪ್ಲೇಟ್ ಇಟ್ಟರೆ ಹೇಗೆ? ಅದನ್ನು ಮಾಡಿಸಲು ಅವರು ಹೋದದ್ದು ನಾನ್‌ಜಿಂಗ್‌ನ ನಾರ್ತ್ ನೈಟ್ ವಿಷನ್ ಕಂಪನಿಯ ಬಳಿಗೆ. ಹೆಸರೇ ಹೇಳುವಂತೆ ಅದು ರಾತ್ರಿ ನೋಟದ ಟ್ಯೂಬ್ ಮಾಡುವ ಕಾರ್ಖಾನೆ. ಲೇಪ, ತಟ್ಟೆ, ನಿರ್ವಾತ ಈ ಮೂರನ್ನೂ ಅವರು ಮೊದಲೇ ಬಲ್ಲರು. ಅಂಗೈಯಲ್ಲಿ ಹಿಡಿಸುವ ಟ್ಯೂಬ್‌ನಿಂದ ಕುಂಬಳಕಾಯಿಗಿಂತ ದೊಡ್ಡ ಬುರುಡೆಗೆ ಏರುವುದು ಸುಲಭವಿರಲಿಲ್ಲ, ವರ್ಷಗಳೇ ಹಿಡಿದವು. 2015ರ ಕೊನೆಯಲ್ಲಿ ಜುನೊ ಖರೀದಿ ತೀರ್ಮಾನವಾದಾಗ 15,000 ಬುರುಡೆ ನಾನ್‌ಜಿಂಗ್‌ಗೆ, 5,000 ಹಮಾಮತ್ಸುವಿಗೆ ಹಂಚಿಕೆಯಾಯಿತು. 2025ರ ನವೆಂಬರ್‌ನಲ್ಲಿ ಜುನೊ ಮೊದಲ ಫಲಿತಾಂಶ ಪ್ರಕಟಿಸಿತು. ಸುಮಾರು ಎರಡು ತಿಂಗಳ ಮಾಹಿತಿಯಲ್ಲೇ ನ್ಯೂಟ್ರಿನೊಗಳ ಎರಡು ಮುಖ್ಯ ಅಳತೆಗಳನ್ನು ಹಿಂದಿನವುಗಳಿಗಿಂತ ನಿಖರವಾಗಿ ಕೊಟ್ಟಿತು.

ಇಲ್ಲಿ ಗಮನಿಸಬೇಕಾದದ್ದು ಚೀನಾ ಸುರಿದ ಹಣವನ್ನಲ್ಲ. ಬೇಡಿಕೆ ಇಟ್ಟವರು ವಿಜ್ಞಾನಿಗಳು, ಪೂರೈಸಿದ್ದು ರಾತ್ರಿ ನೋಟದ ಕಾರ್ಖಾನೆ. ಒಬ್ಬರ ಬಳಿ ಪ್ರಶ್ನೆ ಇತ್ತು, ಇನ್ನೊಬ್ಬರ ಬಳಿ ಕೈಗುಣ. ಇಬ್ಬರನ್ನೂ ಕೂಡಿಸಿ, ಖರೀದಿಯ ಭರವಸೆ ಕೊಟ್ಟು, ಸೋಲಲು ಸಮಯ ಕೊಟ್ಟರು.

ಪುಣೆಯಲ್ಲಿ ಒಂದು ಕಾರ್ಖಾನೆ ಇದೆ

ಅಂಥ ಕಾರ್ಖಾನೆ ನಮ್ಮಲ್ಲೂ ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿರುವ ಬಿಇಎಲ್ ಆಪ್ಟ್ರಾನಿಕ್ ಡಿವೈಸಸ್. ಹೆಸರಿನಲ್ಲಿರುವ ಬಿಇಎಲ್ ನಮ್ಮ ಜಾಲಹಳ್ಳಿಯ ಬಿಇಎಲ್ಲೇ. 1990ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ಇನ್‌ಸ್ಟ್ರುಮೆಂಟ್ಸ್ ಜೊತೆಗೂಡಿ ಇದನ್ನು ಕಟ್ಟಲಾಯಿತು. ಸೇನೆಯ ರಾತ್ರಿ ನೋಟದ ಸಾಧನಗಳಿಗೆ ಬೇಕಾದ ಇಮೇಜ್ ಇಂಟೆನ್ಸಿಫೈಯರ್ ಟ್ಯೂಬ್ ಮಾಡುವುದು ಅದರ ಕೆಲಸ. ಮುಂದಿನ ತಲೆಮಾರಿನ ಟ್ಯೂಬ್‌ಗಳ ತಂತ್ರಜ್ಞಾನ ಫ್ರಾನ್ಸ್‌ನ ಫೋಟೋನಿಸ್‌ನಿಂದ ಬಂತು. ಇಂದು ಅದು ಬಿಇಎಲ್‌ನ ಅಂಗಸಂಸ್ಥೆ.

ರಾತ್ರಿ ನೋಟದ ಟ್ಯೂಬ್ ಎಂದರೆ ಏನು? ಮುಂದೆ ಫೋಟೊಕ್ಯಾಥೋಡ್, ನಡುವೆ ಮೈಕ್ರೋಚಾನೆಲ್ ಪ್ಲೇಟ್, ಹಿಂದೆ ಹಸಿರಾಗಿ ಹೊಳೆಯುವ ಪರದೆ, ಎಲ್ಲವೂ ನಿರ್ವಾತದಲ್ಲಿ. ಯುವಿಟ್‌ನ ಟ್ಯೂಬ್ ಕೂಡ ಒಳಗಿನಿಂದ ಹೀಗೇ ಇದೆ. ಅದರ ಹಿಂದಿನ ಪರದೆಯ ಮಿಣುಕನ್ನು ಒಂದು ಪುಟ್ಟ ಕ್ಯಾಮೆರಾ ಚಿಪ್ ನೋಡಿ ಎಣಿಸುತ್ತದೆ. ಹಾಗಾದರೆ ಇದು ಸುಲಭವೇ? ಅಲ್ಲ. ಅತಿನೇರಳೆಗೆ ಸಾಮಾನ್ಯ ಗಾಜು ಸಾಲದು, ಮೆಗ್ನೀಷಿಯಂ ಫ್ಲೋರೈಡ್ ಕಿಟಕಿ ಬೇಕು. ಲೇಪ ಬೇರೆ, ಒಂದರ ಬದಲು ಎರಡು ಮೂರು ತಟ್ಟೆ ಬೇಕು, ಬಾಹ್ಯಾಕಾಶದ ಕುಲುಕಾಟ ತಡೆಯಬೇಕು. ಆದರೂ ಶೂನ್ಯದಿಂದ ಹೊರಡುವುದಕ್ಕೂ ಅರ್ಧ ದಾರಿಯಿಂದ ಹೊರಡುವುದಕ್ಕೂ ವ್ಯತ್ಯಾಸವಿದೆ. ನಾನ್‌ಜಿಂಗ್ ಹೊರಟದ್ದು ಆ ಅರ್ಧ ದಾರಿಯಿಂದಲೇ.

ಬೆಂಗಳೂರಿನಿಂದ ಪುಣೆ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ತಲುಪುವ ದೂರ. ಸಾವಿರಾರು ಕನ್ನಡಿಗರು ನಿತ್ಯ ಓಡಾಡುವ ದಾರಿ. ಒಂದು ತುದಿಯಲ್ಲಿ ಅತಿನೇರಳೆ ಆಕಾಶವನ್ನು ಬಲ್ಲವರು, ಹೊಸಕೋಟೆಯ ಶುದ್ಧ ಕೋಣೆ. ಇನ್ನೊಂದು ತುದಿಯಲ್ಲಿ ಟ್ಯೂಬ್ ಮುಚ್ಚಬಲ್ಲವರು, ಅದೇ ಊರಿನಲ್ಲಿ ಅಯುಕಾ. ನಡುವೆ ಬೇಕಿರುವುದು ಒಂದು ಒಪ್ಪಂದ, ಒಂದು ಹೊಸ ನಿರ್ವಾತ ಕೋಣೆ ಮತ್ತು ತಾಳ್ಮೆ.

ಫ್ರಾನ್ಸ್ ಬೇಡ ಎಂದದ್ದು ಏಕೆ?

ಇನ್ನೊಂದು ಘಟನೆ ಇಲ್ಲಿ ಪ್ರಸ್ತುತ. ಅಮೆರಿಕದ ಟೆಲಿಡೈನ್ ಕಂಪನಿ ಫೋಟೋನಿಸ್ ಕೊಳ್ಳಲು ಮುಂದಾದಾಗ 2020ರಲ್ಲಿ ಫ್ರೆಂಚ್ ಸರ್ಕಾರ ಒಪ್ಪಲಿಲ್ಲ. ಅಮೆರಿಕ ಮಿತ್ರದೇಶ, ನ್ಯಾಟೊ ಕೂಟದ ಸಂಗಾತಿ. ಆದರೂ ರಾತ್ರಿ ನೋಟದ ಟ್ಯೂಬ್ ವಿದ್ಯೆ ಕೈಬಿಡಲು ಪ್ಯಾರಿಸ್ ತಯಾರಿರಲಿಲ್ಲ. ಮರುವರ್ಷ ಎಚ್‌ಎಲ್‌ಡಿ ಎಂಬ ಯುರೋಪಿನ ಹೂಡಿಕೆ ಸಂಸ್ಥೆ ಅದನ್ನು ಕೊಂಡಿತು. ಈಗ ಅದರ ಮಾತೃಸಂಸ್ಥೆಯ ಹೆಸರು ಎಕ್ಸೋಸೆನ್ಸ್.

ಅಮೆರಿಕ ಕೂಡ ತನ್ನ ಉತ್ತಮ ಟ್ಯೂಬ್‌ಗಳನ್ನು ಶಸ್ತ್ರಾಸ್ತ್ರ ರಫ್ತು ಕಾನೂನಿನಡಿ ಬಿಗಿ ಹಿಡಿದಿದೆ. ಭಾರತ 2017ರ ಡಿಸೆಂಬರ್‌ನಲ್ಲಿ ಸೇರಿದ ವಾಸೆನಾರ್ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿ ರಂಧ್ರಗಳ ಅಂತರ 12 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಇರುವ ಮೈಕ್ರೋಚಾನೆಲ್ ಪ್ಲೇಟ್‌ಗಳೂ, ಒಂದು ಮಟ್ಟ ಮೀರಿದ ಎಸ್-20 ಲೇಪಗಳೂ ಹೆಸರು ಹಿಡಿದು ನಮೂದಾಗಿವೆ. ಅಂದರೆ ಜಗತ್ತು ಇದನ್ನು ಮಾಮೂಲಿ ಬಿಡಿಭಾಗ ಎಂದು ನೋಡುತ್ತಿಲ್ಲ. ತಂತ್ರಜ್ಞಾನ ವರ್ಗಾವಣೆಯಲ್ಲಿ ಸಿಗುವುದು ಇಂದಿನ ಪಾಕವಿಧಾನ. ನಾಳಿನದನ್ನು ಕಂಡುಹಿಡಿಯುವ ಶಕ್ತಿ ಅದರ ಜೊತೆ ಬರುವುದಿಲ್ಲ. ಡಚ್ಚರಿಂದ ಒಮ್ಮೆ, ಫ್ರೆಂಚರಿಂದ ಮತ್ತೊಮ್ಮೆ ಪಡೆದ ಪುಣೆಯ ಅನುಭವ ಹೇಳುವುದೂ ಇದನ್ನೇ. ತಲೆಮಾರು ಬದಲಾದಾಗ ಮತ್ತೆ ಹೊರಗೆ ನೋಡಬೇಕಾಯಿತು.

ಎದುರಿಗೆ ಬರುವ ಪ್ರಶ್ನೆಗಳು

ಇದಕ್ಕೆ ಆಕ್ಷೇಪಗಳಿಲ್ಲವೇ? ಇವೆ, ಮತ್ತು ಅವು ಹುಸಿಯಲ್ಲ.

ಮೊದಲನೆಯದು, ಬೇಡಿಕೆ ಸಣ್ಣದು. ಹತ್ತು ವರ್ಷಕ್ಕೊಂದು ದೂರದರ್ಶಕಕ್ಕೆ ಮೂರು ಟ್ಯೂಬ್ ಬೇಕೆಂದು ಕಾರ್ಖಾನೆ ಕಟ್ಟುವವರಿದ್ದಾರೆಯೇ? ಒಂದೇ ಬಳಕೆದಾರನನ್ನು ನೆಚ್ಚಿದರೆ ಈ ಲೆಕ್ಕ ಸೋಲುತ್ತದೆ, ನಿಜ. ಆದರೆ ಬೆಳಕು ಎಣಿಸುವವರು ಬೇರೆಯವರೂ ಇದ್ದಾರೆ. ಲಡಾಖ್‌ನ ಹಾನ್ಲೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಮೇಸ್ ಗಾಮಾ ಕಿರಣ ದೂರದರ್ಶಕದ ಕ್ಯಾಮೆರಾದಲ್ಲಿ 1,088 ಫೋಟೊಮಲ್ಟಿಪ್ಲೈಯರ್ ಟ್ಯೂಬ್‌ಗಳಿವೆ. ಅವುಗಳಲ್ಲಿ ಮೈಕ್ರೋಚಾನೆಲ್ ಪ್ಲೇಟ್ ಇಲ್ಲದಿದ್ದರೂ ಜೀವಾಳ ಮಾತ್ರ ಫೋಟೊಕ್ಯಾಥೋಡ್ ಲೇಪವೇ. ಅಣುಶಕ್ತಿ ಕೇಂದ್ರಗಳ ವಿಕಿರಣ ಮಾಪಕ, ಆಸ್ಪತ್ರೆಯ ಗಾಮಾ ಕ್ಯಾಮೆರಾ, ಪ್ರಯೋಗಾಲಯದ ವೇಗದ ಕ್ಯಾಮೆರಾಗಳಲ್ಲೂ ಈ ಕುಟುಂಬದ ಟ್ಯೂಬ್‌ಗಳೇ. ಎಲ್ಲಕ್ಕಿಂತ ದೊಡ್ಡ ಗಿರಾಕಿ ಸೇನೆ ಈಗಾಗಲೇ ಬಾಗಿಲಲ್ಲಿದೆ.

ಎರಡನೆಯದು, ಸಿಲಿಕಾನ್ ಬರುತ್ತಿದೆಯಲ್ಲ? ಹೌದು. ಅತಿನೇರಳೆಗೆ ಸೂಕ್ಷ್ಮವಾದ ಸಿಲಿಕಾನ್ ಚಿಪ್‌ಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ. ಮುಂದಿನ ಕೆಲವು ಬಾಹ್ಯಾಕಾಶ ದೂರದರ್ಶಕಗಳು ಅವನ್ನೇ ಆರಿಸಿಕೊಂಡಿವೆ. ಆದರೆ ಅವಕ್ಕೆ ಸಾಮಾನ್ಯ ಬೆಳಕು ತಡೆಯುವ ಶೋಧಕ ಬೇಕು, ಗದ್ದಲ ಇಳಿಸಲು ತಂಪು ಬೇಕು. ಕೋಣೆಯ ಉಷ್ಣತೆಯಲ್ಲೇ ಒಂದೊಂದೇ ಫೋಟಾನನ್ನು ಸೆಕೆಂಡಿನ ಸಾವಿರ ಕೋಟಿಯಲ್ಲಿ ಒಂದೆರಡು ಪಾಲಿನ ನಿಖರತೆಯಲ್ಲಿ ಗುರುತಿಸಿ, ಅಂಗೈಯಗಲದ ಚಿತ್ರ ಕೊಡುವುದರಲ್ಲಿ ತಟ್ಟೆಗಳು ಇನ್ನೂ ಮುಂದಿವೆ. ಈ ವಿದ್ಯೆಯೂ ನಿಂತಲ್ಲೇ ನಿಂತಿಲ್ಲ. ಅಮೆರಿಕದಲ್ಲಿ ಸೀಸವಿಲ್ಲದ ಸಾಮಾನ್ಯ ಗಾಜಿನ ರಂಧ್ರಗಳಿಗೆ ಅಣುವಿನ ಪದರ ಪದರವಾಗಿ ಲೇಪ ಕೂರಿಸಿ, 20 ಸೆಂಟಿಮೀಟರ್ ಚೌಕದ ಮುಚ್ಚಿದ ಡಿಟೆಕ್ಟರ್‌ಗಳನ್ನು ಇನ್‌ಕಾಮ್ ಕಂಪನಿ ಮಾರುತ್ತಿದೆ. ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ, ಷಿಕಾಗೊ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳು ಕಂಪನಿಯೊಂದಿಗೆ ಕೂಡಿ ಸಾಧಿಸಿದ್ದು ಇದು.

ಮೂರನೆಯದು, ಹಣ. ಸೆಮಿಕಂಡಕ್ಟರ್ ಯೋಜನೆಗೆ ಕೇಂದ್ರ ಸರ್ಕಾರ 2021ರಲ್ಲಿ 76,000 ಕೋಟಿ ರೂಪಾಯಿ ಮೀಸಲಿಟ್ಟಿತು. 2025ರ ಜುಲೈನಲ್ಲಿ ಸಂಶೋಧನೆ ಮತ್ತು ನಾವೀನ್ಯತೆಗೆ ಒಂದು ಲಕ್ಷ ಕೋಟಿ ರೂಪಾಯಿಯ ನಿಧಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಚಿಪ್ ಕಾರ್ಖಾನೆಗೆ ಬೇಕಾದಷ್ಟು ಜಾಗ, ನೀರು, ಯಂತ್ರ ಯಾವುದೂ ಇದಕ್ಕೆ ಬೇಡ. ಬರ್ಕ್ಲಿಯದ್ದು ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯ ಮಾತ್ರ. ಕೊರತೆ ಇರುವುದು ಹಣಕ್ಕಿಂತ ಹೆಚ್ಚಾಗಿ ಇದನ್ನು ತನ್ನದೆಂದು ಹೊರುವವರದ್ದು. ಖಗೋಳ ವಿಜ್ಞಾನಿಗೆ ಕಾರ್ಖಾನೆ ನಡೆಸುವುದು ಕೆಲಸವಲ್ಲ, ರಕ್ಷಣಾ ಕಾರ್ಖಾನೆಗೆ ಗ್ಯಾಲಕ್ಸಿ ನೋಡುವುದು ಕೆಲಸವಲ್ಲ. ಮಧ್ಯದ ಜಾಗ ಯಾರದ್ದೂ ಅಲ್ಲದೆ ಉಳಿದುಹೋಗುತ್ತದೆ.

ಎಲ್ಲಿಂದ ಶುರು?

ಒಮ್ಮೆಲೇ ಬಾಹ್ಯಾಕಾಶದ ಟ್ಯೂಬ್‌ಗೆ ಕೈಹಾಕಬೇಕಿಲ್ಲ. ಸೀಸಿಯಂ ಅಯೋಡೈಡ್ ಲೇಪ ಎಸ್-20ರಷ್ಟು ನಾಜೂಕಲ್ಲ, ಒಣ ವಾತಾವರಣದಲ್ಲಿ ಸ್ವಲ್ಪ ಹೊತ್ತು ತಡೆಯುತ್ತದೆ. ಕಲಿಯಲು ಅದೇ ಮೊದಲ ಪಾಠವಾಗಬಹುದು. ತಟ್ಟೆಗಳನ್ನು ಆರಂಭದಲ್ಲಿ ಕೊಂಡು, ಲೇಪ ಮತ್ತು ಬೆಸುಗೆಯನ್ನು ಮೊದಲು ಕಲಿತು, ಗಾಜಿನ ಕೆಲಸಕ್ಕೆ ನಂತರ ಇಳಿಯಬಹುದು. ಮಾಡಿದ ಟ್ಯೂಬ್‌ಗಳನ್ನು ಮೊದಲು ನೆಲದ ಪ್ರಯೋಗಗಳಿಗೆ, ಬಲೂನ್‌ಗಳಿಗೆ, ಸಣ್ಣ ಉಪಗ್ರಹಗಳಿಗೆ ಕೊಟ್ಟು ಸೋಲು ಗೆಲುವು ನೋಡಬಹುದು.

ಇದಕ್ಕಿಂತ ಮುಖ್ಯವಾದದ್ದು ಜನ. ಹದ ಬಲ್ಲ ಕೈ ನಿವೃತ್ತಿಯಾದರೆ ಕಡತ ಉಳಿಯುತ್ತದೆ, ವಿದ್ಯೆ ಉಳಿಯುವುದಿಲ್ಲ. ಒಂದು ಯೋಜನೆ ಮುಗಿದ ಕೂಡಲೇ ತಂಡ ಚದುರಿಹೋದರೆ ಮುಂದಿನ ಸಲ ಮತ್ತೆ ಅ ಆ ಇ ಈಯಿಂದ ಶುರು. ಆದ್ದರಿಂದ ವಿಜ್ಞಾನಿ, ತಂತ್ರಜ್ಞ, ಗಾಜು ಬಲ್ಲವರು ಮೂವರಿಗೂ ಹತ್ತು ಹದಿನೈದು ವರ್ಷ ಒಂದೇ ಸೂರಿನಡಿ ಕೆಲಸ ಇರುವಂತೆ ನೋಡಿಕೊಳ್ಳಬೇಕು. ಬರ್ಕ್ಲಿ, ನಾನ್‌ಜಿಂಗ್ ಎರಡರಲ್ಲೂ ಆದದ್ದು ಇದೇ.

ಆಸ್ಟ್ರೋಸ್ಯಾಟ್ ಒಂದಲ್ಲ ಒಂದು ದಿನ ಕಣ್ಣು ಮುಚ್ಚುತ್ತದೆ. ಅದರ ಉತ್ತರಾಧಿಕಾರಿಯಾಗಿ ಇನ್ಸಿಸ್ಟ್ ಎಂಬ ದೊಡ್ಡ ಅತಿನೇರಳೆ ದೂರದರ್ಶಕದ ಪ್ರಸ್ತಾವವನ್ನು ಬೆಂಗಳೂರಿನ ವಿಜ್ಞಾನಿಗಳು ಮುಂದಿಟ್ಟಿದ್ದಾರೆ. ಅದರಲ್ಲಿ ಯಾವ ಬಗೆಯ ಡಿಟೆಕ್ಟರ್ ಇರಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಆದರೆ ಆ ತೀರ್ಮಾನ ಮಾಡುವ ಹೊತ್ತಿಗೆ ಯಾರು ಮಾರುತ್ತಾರೆ ಎಂಬ ಪಟ್ಟಿಯ ಪಕ್ಕದಲ್ಲಿ, ನಮ್ಮಲ್ಲೇ ಮಾಡಬಲ್ಲೆವೇ ಎಂಬ ಇನ್ನೊಂದು ಸಾಲು ಇರಲಿ. ರಾಕೆಟ್ ನಮ್ಮದು, ಕನ್ನಡಿ ಜೋಡಿಸಿದ ಕೋಣೆ ನಮ್ಮದು, ಬಂದ ಮಾಹಿತಿಯಿಂದ 930 ಕೋಟಿ ಜ್ಯೋತಿರ್ವರ್ಷ ದೂರದ ಬೆಳಕನ್ನು ಹೆಕ್ಕಿದ ಬುದ್ಧಿಯೂ ನಮ್ಮದು. ಭೋಸರಿಯ ಕಾರ್ಖಾನೆಯಿಂದ ಹೊಸಕೋಟೆಯ ಕೋಣೆಗೆ ಒಂದು ಟ್ಯೂಬ್ ಬರುವ ದಿನ, ಆ ಪಟ್ಟಿಗೆ ಕಣ್ಣೂ ಸೇರುತ್ತದೆ.